ಶಕುಂತಲಾ ಆಂಟಿ ಮತ್ತು ಸಂತ ಮಾರ್ಗರೆಟ್

ಶಕುಂತಲಾ ಆಂಟಿ ಪುಸ್ತಕ ಮುಟ್ಟುವ ಮೊದಲು ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ಬೆರಳ ಸಂದುಗಳನ್ನೂ ಬಿಡುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಓದಿ, ಹ್ಯೂಸ್ಟನ್‌ನಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ಡಾಕ್ಟರು. ನಿವೃತ್ತರಾದ ಮೇಲೆ ಆಸ್ಟಿನ್‌ನ ಒಂದು ಗ್ರಂಥಾಲಯದಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಸೇರಿದರು. ನಾನು ಅವರ ಪಕ್ಕದ ಮನೆಯವನು, ಊರಲ್ಲಿ ಪತ್ರಿಕೆಯ ಕೆಲಸ ಬಿಟ್ಟು ಹ್ಯೂಸ್ಟನ್‌ಗೆ ಬಂದವನು. ಗುರುವಾರ ನನಗೂ ಆಸ್ಟಿನ್‌ನಲ್ಲಿ ಆಫೀಸು. ಹೋಗಿ ಬರುವ ಆರು ಗಂಟೆ ಅವರ ಮಾತು ಕೇಳುತ್ತ ಡ್ರೈವ್ ಮಾಡುತ್ತಿದ್ದೆ.

ಅವರಿಗೆ ಒಪ್ಪಿಸಿದ್ದು ಒಂದೇ ಪುಸ್ತಕ: ಯುರೋಪಿನಲ್ಲಿ ಸುಮಾರು ಆರುನೂರು ವರ್ಷಗಳ ಹಿಂದೆ ಕೈಯಲ್ಲಿ ಬರೆದ, ಅಂಗೈಯಗಲದ ಸಂತ ಮಾರ್ಗರೆಟಳ ಚರಿತ್ರೆ. ಚರ್ಮದ ಹಾಳೆ, ಚಿನ್ನದ ರೇಕು, ಗಾಢ ನೀಲಿ. ಪ್ರತಿ ಚಿತ್ರದಲ್ಲಿ ಏನಿದೆಯೆಂದು ಬರೆದಿಡುವುದು ಅವರ ಕೆಲಸ. ಒಂದನ್ನು ಬರೆದು ಮುಗಿಸುವವರೆಗೆ ಮುಂದಿನ ಪುಟ ನೋಡುತ್ತಿರಲಿಲ್ಲ. ಮಾರ್ಗರೆಟಳನ್ನು ಘಟಸರ್ಪ ನುಂಗುತ್ತದೆ. ಅವಳು ಅದರ ಹೊಟ್ಟೆ ಸೀಳಿ ಜೀವಂತ ಹೊರಬರುತ್ತಾಳೆ. ಹಾಗಾಗಿ ಬಸುರಿಯರಿಗೆ ಅವಳೇ ದಿಕ್ಕು.

"ಬ್ಯಾನಿ ಶುರುವಾದ್ರ ಈ ಪುಸ್ತಕಾನ ಹೊಟ್ಟಿ ಮ್ಯಾಲ ಇಡ್ತಿದ್ರಂತ, ತಮ್ಮಾ. ಚಿತ್ರಕ್ಕ ಮುತ್ತು ಕೊಡ್ತಿದ್ರಂತ. ನಾವು ಬರೇ ಮಷೀನ್ ನೋಡಿದ್ವಿ."

"ಮಷೀನ್ ಇಲ್ದೆ ಆಗ್ತಿತ್ತಾ ಆಂಟಿ?"

"ಆಗ್ತಿದ್ದಿಲ್ಲ. ಇದ್ರೂ ಕೆಲವು ಆಗಲಿಲ್ಲ."

ಉಳಿಯದ ಬಾಣಂತಿಯರ ಹೆಸರು ಅವರಿಗೆ ನೆನಪಿತ್ತು. ಹೇಳುತ್ತಿರಲಿಲ್ಲ.

ಒಂದು ಗುರುವಾರ ಪುಸ್ತಕ ಕೈಜಾರಿ ಅವರ ಪಾದದ ಮೇಲೆ ಬಿತ್ತು. ಎತ್ತಿದರು, ಎರಡೂ ಕಣ್ಣಿಗೆ ಒತ್ತಿಕೊಂಡರು, ಹಣೆಗೂ. ತೆರೆದಿದ್ದ ಪುಟದ ಅಂಚಿನಲ್ಲಿ ಅವರ ಕುಂಕುಮ ಉಳಿಯಿತು. ಯಾರೂ ನೋಡಿರಲಿಲ್ಲ. ತಾವೇ ವರದಿ ಬರೆದುಕೊಟ್ಟರು: ಯಾವ ಪುಟ, ಕಲೆಯ ಅಳತೆ, ಕಾರಣ. ಕಾರಣದ ಮುಂದೆ 'ನನ್ನ ಅಭ್ಯಾಸ' ಎಂದಷ್ಟೇ ಇತ್ತು. ಅಷ್ಟು ನೇರವಾದ ವರದಿಯನ್ನು ನಾನು ಪತ್ರಿಕೆಯಲ್ಲೂ ಓದಿದ್ದು ಕಡಿಮೆ.

ಇನ್ನು ಪುಸ್ತಕ ಮುಟ್ಟುವಂತಿಲ್ಲ ಎಂದು ಮೇಲ್ವಿಚಾರಕಿ ಹೇಳಿದರು. ಆಂಟಿ ನೋಡದ ಆರು ಚಿತ್ರ ಉಳಿದಿದ್ದವು. ಕಲೆ ತೆಗೆಸಿದ ಮೇಲೆ ಪುಸ್ತಕವನ್ನು ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮೂರು ತಿಂಗಳಿಗೊಮ್ಮೆ ಮುಂದಿನ ಚಿತ್ರಕ್ಕೆ ಪುಟ ತಿರುವುತ್ತಿದ್ದರು. ನೋಡಿ ಬರೆದುಕೊಟ್ಟರೆ ತೆಗೆದುಕೊಳ್ಳುತ್ತೇವೆ ಎಂದರು.

"ಆರು ಚಿತ್ರಕ್ಕ ಒಂದೂವರಿ ವರ್ಷ ಆತಲ್ಲ," ಎಂದು ಆಂಟಿ ಲೆಕ್ಕ ಹಾಕಿದರು. "ಹೆರಿಗಿ ಡಾಕ್ಟರ್‌ಗೆ ಕಾಯೂದು ಕಲಿಸಬೇಕೇನು?"

ಆ ಚಳಿಗಾಲದಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಮೂರು ಚಿತ್ರಗಳನ್ನು ಜೊತೆಗೆ ಹೋಗಿ ನೋಡಿದೆವು. ವಿವರವನ್ನು ಅವರು ಕಾರಿನಲ್ಲಿ ಕೂತೇ ಬರೆದರು. ನಾಲ್ಕನೆಯದಕ್ಕೆ ಒಬ್ಬನೇ ಹೋಗಿ, ನೇರ ಆಸ್ಪತ್ರೆಗೆ ಬಂದೆ.

"ಫೋಟೋ ತೋರಿಸ್ಲಾ ಆಂಟಿ?"

"ಬ್ಯಾಡ. ಕಣ್ಣು ಮಂಜಾಗ್ಯಾವ. ನೀ ನೋಡಿದ್ದು ಹೇಳು. ಪೇಪರ್‌ನಾಗ ಇದ್ದಂವ ಅಲ್ಲೇನು?"

ಹೇಳಿದೆ: ಮೊಣಕಾಲೂರಿದ ಮಾರ್ಗರೆಟ್, ಹಿಂದೆ ಕತ್ತಿ ಎತ್ತಿದವನು, ಮೇಲೊಂದು ಪಾರಿವಾಳ.

"ಆಕಿ ಮುಖ ಹೆಂಗದ?"

ಏನಾದರೂ ಕಟ್ಟಿ ಹೇಳಬಹುದಿತ್ತು.

"ಮುಖ ಇಲ್ಲ ಆಂಟಿ. ಪೂರ್ತಿ ಸವೆದಿದೆ. ಬರೀ ಚರ್ಮ ಕಾಣುತ್ತೆ."



"ಹಂಗಾರ ಮುತ್ತು ಕೊಡಲಿಕ್ಕ ಭಾಳ ಮಂದಿ ಬಂದಿದ್ರು," ಎಂದರು.

ಭಾನುವಾರ ತೀರಿಕೊಂಡರು. ಉಳಿದೆರಡು ಪುಟ ತಿರುವಿದಾಗಲೂ ಹೋದೆ. ನಾನೊಬ್ಬನೇ ನೋಡಿದ ಮೂರೂ ಚಿತ್ರಗಳ ವಿವರವನ್ನು ಅವರದೇ ಕ್ರಮದಲ್ಲಿ ಬರೆದು ಮೇಲ್ವಿಚಾರಕಿಗೆ ಕೊಟ್ಟೆ. ಕೊಡುವ ಮುನ್ನ, ಬರೆದವರ ಹೆಸರಿನ ಜಾಗದಲ್ಲಿ ಆಂಟಿಯ ಹೆಸರು ಹಾಕಲು ಪೆನ್ನು ಊರಿದೆ. ಹಾಕಲಿಲ್ಲ. ಅವರು ನೋಡಿರಲಿಲ್ಲ.