ಏಳು ಪಾದ ದೂರದ ಏಣಿ

ಮೊನ್ನೆ ಒಂಬತ್ತನೇ ತರಗತಿಯ ಗಣಿತದ ನೋಟ್‌ಬುಕ್ಕುಗಳನ್ನು ತಿದ್ದುತ್ತಾ ಕೂತಿದ್ದಾಗ ಒಂದು ಪುಸ್ತಕದಿಂದ ಹಸಿ ಕಾಳುಮೆಣಸಿನ ವಾಸನೆ ಬಂತು. ಡಬ್ಬಿಯಲ್ಲಿ ಕೂತು ಒಣಗಿದ ಮೆಣಸಿನದ್ದಲ್ಲ. ಬಳ್ಳಿಯಿಂದ ಆಗಷ್ಟೇ ಕಿತ್ತ ಗೊಂಚಲನ್ನು ಅಂಗೈಯಲ್ಲಿ ಉಜ್ಜಿದರೆ ಬರುವ, ಎಲೆಯ ಹಸಿರೂ ಕಾಳಿನ ಖಾರವೂ ಕಲೆತು ಮೂಗಿನ ತುದಿಯಲ್ಲಿ ಚುರುಗುಟ್ಟುವ ವಾಸನೆ. ಪುಟದ ಅಂಚಿನಲ್ಲಿ ಹೆಬ್ಬೆರಳಿನ ಕಂದು ಗುರುತು ಬೇರೆ. ಆ ಹುಡುಗಿ ಭಾನುವಾರವೆಲ್ಲ ಅಮ್ಮನ ಜೊತೆ ಮೆಣಸು ಬಿಡಿಸಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಲೆಕ್ಕಕ್ಕೆ ಕೂತಿರಬೇಕು. ಗೈಡಿನ ಇಂಗ್ಲಿಷ್ ವಾಕ್ಯಗಳನ್ನು ಒಂದು ಚುಕ್ಕಿಯೂ ತಪ್ಪದಂತೆ ಇಳಿಸಿದ್ದಳು. ನಾನು ಕೊಟ್ಟ ಪ್ರಶ್ನೆ ಮಾತ್ರ ಬೇರೆಯದೇ ಇತ್ತು. ಕೆಂಪು ಪೆನ್ನನ್ನು ಕೆಳಗಿಟ್ಟು, ಆ ಪುಟವನ್ನು ಮತ್ತೊಮ್ಮೆ ಮೂಸಿದೆ.

ಅಮ್ಮತ್ತಿಯಿಂದ ಒಳಕ್ಕೆ ಹೋಗುವ ದಾರಿಯ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ ನಾನು ಬೆಳೆದವಳು. ಒಂದೇ ಹೆಂಚಿನ ಮಾಡಿನ ಕೆಳಗೆ ನಾಲ್ಕು ಬಾಗಿಲು, ನಾಲ್ಕು ಸಂಸಾರ. ಅಪ್ಪ, ಅಮ್ಮ ಶನಿವಾರಸಂತೆ ಕಡೆಯಿಂದ ಕೆಲಸಕ್ಕೆ ಬಂದವರು. ಪಕ್ಕದ ಬಾಗಿಲಲ್ಲಿ ತಮಿಳು, ಅದರಾಚೆ ಮಲಯಾಳ, ಕೊನೆಯದರಲ್ಲಿ ತುಳು. ಅಂಗಳಕ್ಕಿಳಿದರೆ ಎಲ್ಲರಿಗೂ ಕನ್ನಡ. ಅಪ್ಪ ಮೆಣಸು ಕೊಯ್ಯುವವ. ಅವನ ಏಣಿ ಸೂರಿನಡಿಯಲ್ಲಿ ಎರಡು ಮನೆಗಳ ಬಾಗಿಲಿನುದ್ದಕ್ಕೂ ತೂಗುತ್ತಿತ್ತು. ಒಂದೇ ಉದ್ದನೆಯ ಬಿದಿರು, ಕಾಲಿಡಲು ಗಣ್ಣುಗಣ್ಣಿಗೂ ಗೂಟ. ಕೊಯ್ಲಿನ ಮೊದಲ ದಿನ ಅಮ್ಮ ಅದರ ಬುಡಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಕೆಳಗಿಳಿಸಿ ಮಲಗಿಸಿದಾಗ ಅದನ್ನು ನಾವ್ಯಾರೂ ದಾಟುವಂತಿರಲಿಲ್ಲ; ಬಚ್ಚಲಿಗೆ ಓಡಬೇಕಾದರೂ ಸುತ್ತಿ ಬಳಸಿಯೇ ಓಡಬೇಕು. ಸಂಜೆ ಅಂಗಳದಲ್ಲಿ ಗೋಣಿತಾಟು ಹಾಸಿ ಅಮ್ಮ ಗೊಂಚಲುಗಳನ್ನು ಕಾಲಲ್ಲಿ ತುಳಿದು ಕಾಳು ಬಿಡಿಸುತ್ತಿದ್ದಳು. ಆಗ ನಾಲ್ಕೂ ಮನೆಗಳ ಸಾರಿನ ಘಮ ಸೋತು, ಇಡೀ ಲೈನಿನಲ್ಲಿ ಇದೇ ವಾಸನೆ ಉಳಿಯುತ್ತಿತ್ತು.

ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಲೆಕ್ಕಕ್ಕೆ ನಾನೇ ಮುಂದು. ಎಂಟಕ್ಕೆ ಅಪ್ಪ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ. ಅಲ್ಲಿ ಅಂಕಿಗಳು ಅವೇ ಇದ್ದವು, ಅವುಗಳ ಸುತ್ತ ನನಗೆ ತೂರಲಾಗದ ಬೇಲಿ ಎದ್ದಿತ್ತು. ನಾಲ್ಕು ಸಾಲಿನ ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಮೊದಲ ಸಾಲು ಮರೆತುಹೋಗುತ್ತಿತ್ತು. ಕೈ ಎತ್ತಿ ಕೇಳೋಣವೆಂದರೆ ಕೇಳುವುದಕ್ಕೂ ಇಂಗ್ಲಿಷೇ ಬೇಕು. ಅದಕ್ಕೆ ನಾನೊಂದು ಉಪಾಯ ಮಾಡಿದೆ: ಲೆಕ್ಕಗಳನ್ನು ಶ್ಲೋಕದ ಹಾಗೆ ಬಾಯಿಪಾಠ ಮಾಡಿದೆ, ಉತ್ತರದ ಸಮೇತ. ಒಂದು ವರ್ಷ ಅದು ನಡೆಯಿತು. ಒಂಬತ್ತರಲ್ಲಿ ಅರ್ಧವಾರ್ಷಿಕ ಪರೀಕ್ಷೆಗೆ ಸರ್ ಅಂಕಿಗಳನ್ನು ಬದಲಾಯಿಸಿ ಕೊಟ್ಟರು. ನಾನು ಪುಸ್ತಕದ ಅಂಕಿಗಳನ್ನೇ ಬರೆದು ಬಂದೆ, ಗೆರೆ ಹೊಡೆದು ಅಂದವಾಗಿ.

"ನಿನಗೆ ಲೆಕ್ಕ ಬರಲ್ಲ ಅಂತಲ್ಲ ಕಣಮ್ಮ, ಪ್ರಶ್ನೆ ಏನು ಕೇಳ್ತಿದೆ ಅನ್ನೋದೇ ಗೊತ್ತಿಲ್ಲ. ವಾರ್ಷಿಕದಲ್ಲೂ ಹೀಗೇ ಬರೆದರೆ ಒಂಬತ್ತರಲ್ಲೇ ಕೂರ್ತೀಯ," ಅಂದರು ಸರ್. ಒಳ್ಳೆಯ ಮನುಷ್ಯ, ಗದರಲೂ ಇಲ್ಲ. ಅದೇ ಹೆಚ್ಚು ನೋಯಿಸಿತು. ನಾನು ದಡ್ಡಿ ಎಂದು ಆ ದಿನ ತೀರ್ಮಾನಿಸಿಕೊಂಡೆ. ಕೊಯ್ಲು ಶುರುವಾಗಿದ್ದ ಒಂದು ಶನಿವಾರ ಸಂಜೆ ಮನೆಯಲ್ಲಿ ಹೇಳಿಯೂ ಬಿಟ್ಟೆ: "ನಾನಿನ್ನು ಸ್ಕೂಲಿಗೆ ಹೋಗಕಿಲ್ಲ. ನಿಮ್ಮ ಜೊತೆ ಪಿಕ್ಕಿಂಗಿಗೆ ಬತ್ತೀನಿ."

"ಕೇಳಿಸ್ಕಂಡ್ರಾ? ಇಂಗ್ಲಿಷ್ ದೊರೆಸಾನಿ ಬುಟ್ಟಿ ಹಿಡೀತಾಳಂತೆ," ಅಂದಳು ಅಮ್ಮ, ಮೆಣಸು ತುಳಿಯುವುದನ್ನು ನಿಲ್ಲಿಸದೆ. ಅವಳ ದನಿ ಮಾತ್ರ ಸರಿಯಿರಲಿಲ್ಲ.

ಅಪ್ಪನಿಗೆ ರುಜು ಹಾಕುವಷ್ಟೇ ಅಕ್ಷರ. ಪಕ್ಕದಲ್ಲಿ ಬಂದು ಕೂತು, "ಅದ್ಯಾವುದು ಬರದಿರೋ ಲೆಕ್ಕ? ಓದು," ಅಂದ. ನಾನು ಉಸಿರು ಬಿಡದೆ ಒಪ್ಪಿಸಿದೆ.

"ಚೆನ್ನಾಗೈತೆ. ಏನು ಹೇಳ್ತದೆ ಅದು?"

"ಗೊತ್ತಿಲ್ಲ."

"ಮತ್ತೆ ಇಷ್ಟೊತ್ತು ಏನವ್ವ ಹೇಳ್ದೆ ನೀನು?" ಅಂದವನು ಪುಸ್ತಕವನ್ನು ಎಳೆದುಕೊಂಡು ಚಿತ್ರ ನೋಡಿದ. ಗೋಡೆಯ ಒಂದು ಗೆರೆ, ನೆಲದ ಒಂದು ಗೆರೆ, ಓರೆಯಾಗಿ ಒರಗಿದ ಇನ್ನೊಂದು. ಮುಖ ಸಿಂಡರಿಸಿದ. "ಇದ್ಯಾವ ಪುಣ್ಯಾತ್ಮ ಏಣಿ ಇಟ್ಟಿರೋದು? ಬುಡ ಇಷ್ಟು ದೂರ ಇಟ್ರೆ ಜಾರ್ತದೆ. ಹತ್ತಿದವನು ಸೊಂಟ ಮುರ್ಕತಾನೆ!"

ಲ್ಯಾಡರ್ ಎಂದರೇನು ಎಂದು ಯಾರಾದರೂ ಕೇಳಿದ್ದರೆ ಏಣಿ ಎಂದು ಹೇಳುತ್ತಿದ್ದೆ. ಆದರೆ ಪುಸ್ತಕದ ಆ ಓರೆ ಗೆರೆ ನಮ್ಮ ಸೂರಿನಡಿ ತೂಗುವ ಬಿದಿರು ಎಂದು ಅದುವರೆಗೆ ನನಗೆ ಅನ್ನಿಸಿರಲೇ ಇಲ್ಲ. ಮತ್ತೊಮ್ಮೆ ಓದಿದೆ. ಈ ಸಲ ಇಂಗ್ಲಿಷ್ ಸಾಲುಗಳ ಹಿಂದೆ ಒಬ್ಬ ಮನುಷ್ಯ ಗೋಡೆಗೆ ಏಣಿ ಇಡುತ್ತಿದ್ದ. ಎಷ್ಟು ಎತ್ತರಕ್ಕೆ ತಲುಪುತ್ತದೆ ಎಂದು ಕೇಳುತ್ತಿದ್ದ, ಅಷ್ಟೇ.

ಮರುದಿನ ಭಾನುವಾರ ಅಪ್ಪ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದ. ಏಣಿಯನ್ನು ಮಲಗಿಸಿ, ಪಕ್ಕದಲ್ಲೇ ಹಿಮ್ಮಡಿಗೆ ಬೆರಳು ತಾಗಿಸಿ ಪಾದದ ಮುಂದೆ ಪಾದವಿಟ್ಟು ಅಳೆದ: ಇಪ್ಪತ್ತೈದು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಅದನ್ನು ಒರಗಿಸಿ, ಬುಡದಿಂದ ಮರದವರೆಗೆ ಅಳೆದ: ಏಳು. ಅದು ಅವನು ಯಾವತ್ತೂ ಇಡುತ್ತಿದ್ದ ದೂರ, ಯಾರೂ ಹೇಳಿಕೊಟ್ಟದ್ದಲ್ಲ. "ತುದಿ ಎಲ್ಲಿಗೆ ತಾಗ್ಯದೆ, ನೋಡದೆ ಹೇಳು." ಕಾಫಿ ಗಿಡದ ನೆರಳಲ್ಲಿ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಬರೆದೆ. ಇಪ್ಪತ್ತೈದರ ವರ್ಗ, ಅದರಲ್ಲಿ ಏಳರ ವರ್ಗ ಕಳೆದು, ಮೂಲ ತೆಗೆದೆ. "ಇಪ್ಪತ್ತನಾಲ್ಕು ಪಾದ," ಅಂದೆ. ಅಪ್ಪ ಹತ್ತಿ, ತುದಿಯನ್ನು ಮರಕ್ಕೆ ಕಟ್ಟಿ, ಅಲ್ಲಿಂದ ಹಗ್ಗ ಇಳಿಬಿಟ್ಟ. ನೆಲ ಮುಟ್ಟಿದ ಕಡೆ ನಾನು ಗಂಟು ಹಾಕಿದೆ. ಕೆಳಗೆ ಬಂದು ಹಗ್ಗವನ್ನು ಹಾಸಿ ಅದರ ಮೇಲೆ ನಡೆದ. ಇಪ್ಪತ್ತನಾಲ್ಕಕ್ಕೆ ಒಂದು ಹೆಬ್ಬೆರಳಷ್ಟು ಕಡಿಮೆ ಬಿತ್ತು. ನನ್ನ ಮುಖ ಬಾಡಿದ್ದನ್ನು ನೋಡಿ ನಕ್ಕ.

"ನಿನ್ನ ಲೆಕ್ಕ ಸರೀಗೈತೆ ಕಣವ್ವ. ನೆಲ ಸರೀಗಿಲ್ಲ."

ವಾರ್ಷಿಕ ಪರೀಕ್ಷೆಯಲ್ಲಿ ನಾನು ಮೊದಲು ಚಿತ್ರ ಬರೆದೆ, ಮನಸ್ಸಿನಲ್ಲೇ ಅಪ್ಪನ ಮಾತಿನಲ್ಲಿ ಪ್ರಶ್ನೆ ಕೇಳಿಕೊಂಡೆ, ಆಮೇಲೆ ಇಂಗ್ಲಿಷಿನಲ್ಲಿ ಉತ್ತರ ಬರೆದೆ. ವಾಕ್ಯಗಳು ಮುರುಕಲು, ಲೆಕ್ಕ ಸರಿ. ಹತ್ತಕ್ಕೆ ಹೋದೆ. ಮುಂದೆ ಬಿ.ಎಸ್ಸಿ., ಬಿ.ಎಡ್. ನಮ್ಮ ಎರಡೂ ಕಡೆಯ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಪ್ಪ ನನ್ನ ಕಪ್ಪು ಗೌನಿನ ಫೋಟೋವನ್ನು ಬಾಗಿಲ ಮೇಲೆ, ಏಣಿ ತೂಗುವ ಕೊಕ್ಕೆಯ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ್ದ. ಅದರ ಮರುವರ್ಷ ಜ್ವರದಲ್ಲಿ ಹೋದ. ಅಮ್ಮನನ್ನು ನನ್ನ ಮನೆಗೆ ಕರೆತಂದ ದಿನ ಪಾತ್ರೆ, ಹಾಸಿಗೆ ಎಲ್ಲ ಜೀಪಿಗೆ ಹಿಡಿಸಿತು, ಏಣಿ ಹಿಡಿಸಲಿಲ್ಲ. ಈಗ ಆ ಲೈನೇ ಇಲ್ಲ. ತೋಟದಲ್ಲಿ ಅಲ್ಯೂಮಿನಿಯಂ ಏಣಿಗಳು ಬಂದಿವೆ. ಅವನ್ನು ಯಾರು ಬೇಕಾದರೂ ದಾಟಿಕೊಂಡು ಹೋಗುತ್ತಾರೆ. ಅಮ್ಮನೂ ಹೋಗಿ ಎರಡು ಮಳೆಗಾಲ ಕಳೆಯಿತು.

ಮೆಣಸಿನ ವಾಸನೆಯ ಆ ಹುಡುಗಿಯನ್ನು ಇವತ್ತು ಬೋರ್ಡಿನ ಹತ್ತಿರ ಕರೆದು ಪುಸ್ತಕದ ಏಣಿಯ ಲೆಕ್ಕ ತೋರಿಸಿದೆ. "ಇಂಗ್ಲಿಷ್ ಆಮೇಲೆ. ನಿಮ್ಮ ಮನೇಲಿ ಹೇಗೆ ಹೇಳ್ತೀರೋ ಹಾಗೆ ಹೇಳು, ಇಲ್ಲಿ ಏನು ನಡೀತಿದೆ?" ಅಂದೆ. ನಾನು ಗೋಡೆಗೆ ಒಂದು ಗೆರೆ ಎಳೆದೆ, ನೆಲಕ್ಕೊಂದು, ಏಣಿಗೊಂದು. ಪುಸ್ತಕದ ಅಂಕಿಗಳ ಪ್ರಕಾರ ಬುಡ ಬಹಳ ದೂರ ಬರಬೇಕು. ಅಂಕಿಗಳನ್ನು ಹಾಗೆಯೇ ಬರೆದೆ. ಆದರೆ ಚಿತ್ರದಲ್ಲಿ, ಇಷ್ಟು ವರ್ಷಗಳಿಂದ ಮಾಡುತ್ತಾ ಬಂದ ಹಾಗೆ, ಬುಡವನ್ನು ಒರೆಸಿ ಗೋಡೆಯ ಹತ್ತಿರಕ್ಕೆ ಎಳೆದೆ. ಹತ್ತುವವರು ಬೀಳಬಾರದು.