ಒಂದೇ ಡಿಸ್ಕಿಗೆ ಎರಡು ದಾರಿ

ದೇವರ ಹಿಪ್ಪರಗಿಯ ದಾನೇಶ್ವರಿ ಸಿಂದಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ದಿನವೂ ಬಸ್ಸಿನಲ್ಲಿ ಬಂದು ಹೋಗುವ ಕೆಲಸ. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಮೂಲೆ ಕೋಣೆಯ ಸ್ಟೋರೇಜ್ ಪೆಟ್ಟಿಗೆಯಲ್ಲಿದ್ದವು. ಸರ್ವರ್ ಆ ಪೆಟ್ಟಿಗೆಯನ್ನು ಒಂದೇ ಕೇಬಲ್ಲಿನ ಮೂಲಕ, ಒಂದೇ ಸೆಷನ್‌ನಲ್ಲಿ, ಅಂದರೆ ಒಂದೇ ಸಂಪರ್ಕದಲ್ಲಿ, ತಲುಪುತ್ತಿತ್ತು.

೨೦೦೯ರ ಮಾರ್ಚಿನಲ್ಲಿ, ಒಂದು ಆಪರೇಷನ್ನಿನ ನಡುವೆ ಆ ಕೇಬಲ್ ಸಡಿಲಾಗಿ, ವೈದ್ಯರು ಸ್ಕ್ಯಾನ್ ನೋಡುತ್ತಿದ್ದ ಪರದೆ ಕಪ್ಪಾಯಿತು. ರೋಗಿ ಬದುಕಿದ. ಆದರೆ ವೈದ್ಯೆ ವಿಜಯಲಕ್ಷ್ಮಿ ಗಟ್ಟಿಯಾಗಿ ಹೇಳಿಬಿಟ್ಟರು: ಬರುವ ಗುರುವಾರ ಮಧ್ಯಾಹ್ನ ಪೀರಬಿ ಎಂಬ ರೋಗಿಯ ಬೆನ್ನಿನ ಆಪರೇಷನ್, ಅಷ್ಟರೊಳಗೆ ಎರಡನೆಯ ದಾರಿ ಸಿದ್ಧವಾಗಬೇಕು.

ಗುರುವಾರ ಬೆಳಿಗ್ಗೆ ದಾನೇಶ್ವರಿ ಎರಡನೆಯ ಕೇಬಲ್ ಹಾಕಿ, ಎರಡನೆಯ ಸೆಷನ್ ಶುರುಮಾಡಿದಳು. ಕೂಡಲೇ ಪರದೆಯಲ್ಲಿ ಒಂದರ ಬದಲು ಎರಡು ಡಿಸ್ಕ್ ಕಂಡವು. ಮ್ಯಾನೇಜರ್ ಸಿದ್ದಲಿಂಗ ಹಿಂದೆ ನಿಂತು ನೋಡುತ್ತಿದ್ದರು. ಸ್ಟೋರೇಜ್ ಪೆಟ್ಟಿಗೆಯ ಕಂಪನಿಯವರು ಹೊಸ ಡಿಸ್ಕ್ ಕೊಡುವುದಾಗಿ ಹೇಳಿದ್ದರು, ಅದೇ ಬಂತೆಂದು ತಿಳಿದ ಅವರು ಅದನ್ನು ಫಾರ್ಮ್ಯಾಟ್ ಮಾಡಲು, ಅಂದರೆ ಪೂರ್ತಿ ಅಳಿಸಿ ಬಳಕೆಗೆ ಸಿದ್ಧಮಾಡಲು, ಹೇಳಿದರು.

"ಇದು ಹೊಸಾದಲ್ಲರಿ ಸರ್," ಅಂದಳು ದಾನೇಶ್ವರಿ. "ಒಂದ ಡಿಸ್ಕ್ ಎರಡು ದಾರಿಲೆ ಎರಡು ಸಲ ಕಾಣಾಕತ್ತೈತಿ. ಅಳಿಸಿದ್ರ ಎಲ್ಲಾ ಹೋಗ್ತೈತಿ, ಪೀರಬಿ ಸ್ಕ್ಯಾನೂ."

"ನೀ ಕೆಲಸಕ್ಕ ಬಂದು ಎಷ್ಟು ದಿವ್ಸ ಆತು?"

"ಎಂಟು ತಿಂಗಳ್ರಿ."

ಸಿದ್ದಲಿಂಗರು ಮೌಸ್ ಹಿಡಿಯಲು ಕೈ ಚಾಚಿದರು. ದಾನೇಶ್ವರಿ ಅದರ ಮೇಲಿಟ್ಟ ಕೈ ತೆಗೆಯಲಿಲ್ಲ. ಕೆಲಸ ಹೋದರೆ ಅವ್ವ ದುರ್ಗವ್ವನಿಗೆ ಏನು ಹೇಳುವುದು ಎಂಬ ಯೋಚನೆ ಬಂತು. ಆದರೂ ಎರಡೂ ಡಿಸ್ಕ್‌ಗಳ ಸೀರಿಯಲ್ ನಂಬರ್ ತೆರೆದು ತೋರಿಸಿದಳು. ಅವರು ಬಗ್ಗಿ ಒಂದೊಂದೇ ಅಂಕಿ ಓದಿಕೊಂಡರು. ಕೊನೆಯ ಅಂಕಿಯವರೆಗೂ ಎರಡೂ ಒಂದೇ; ಬೇರೆ ಡಿಸ್ಕಾಗಿದ್ದರೆ ನಂಬರೂ ಬೇರೆ ಇರುತ್ತಿತ್ತು. ಕೈ ಹಿಂದೆಗೆದು ಕುರ್ಚಿಯಲ್ಲಿ ಕುಳಿತರು.

ಎರಡೂ ದಾರಿಗಳನ್ನು ಒಂದೇ ಡಿಸ್ಕ್ ಎಂದು ಗುರುತಿಸುವ ಸಾಫ್ಟ್‌ವೇರನ್ನು ಅವಳು ಹಾಕಿದಳು. ಸರ್ವರ್ ಮತ್ತೆ ಶುರುವಾಗಲು ಏಳು ನಿಮಿಷ ಬೇಕಾಯಿತು. ಹೊರಗೆ ಪೀರಬಿಯ ಸ್ಟ್ರೆಚರ್ ಹೋಗುವ ಸದ್ದು ಕೇಳಿಸಿತು. ಪರದೆ ಬೆಳಗಿದಾಗ ಡಿಸ್ಕ್ ಒಂದೇ ಇತ್ತು, ಸೆಷನ್ ಎರಡು.

ಒಂದು ದಾರಿ ಹೋದರೂ ನಡೆಯುತ್ತದೆಯೇ ಎಂದು ನೋಡಲು, ಪೀರಬಿಯ ಸ್ಕ್ಯಾನ್ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಅವಳು ಹಳೆಯ ಕೇಬಲ್ಲನ್ನು ಎಳೆದಳು. ಪರದೆ ಒಂದು ಕ್ಷಣ ನಿಂತಿತು. ಆಮೇಲೆ ಮುಂದಿನ ಚಿತ್ರಕ್ಕೆ ಸರಿಯಿತು. ಅವಳು ಹಳೆಯ ಕೇಬಲ್ಲನ್ನು ಮತ್ತೆ ಸಿಕ್ಕಿಸಿದಳು.

ಆಪರೇಷನ್ ಸಂಜೆಯವರೆಗೆ ನಡೆಯಿತು, ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ಪೀರಬಿ ಎರಡು ವಾರದ ನಂತರ ಕೋಲು ಹಿಡಿದು ನಡೆಯತೊಡಗಿದಳು. ಆಪರೇಷನ್ನಿನ ಬೆಳಿಗ್ಗೆ ತಾವು ಡಿಸ್ಕ್ ಅಳಿಸಹೊರಟಿದ್ದನ್ನು ಸಿದ್ದಲಿಂಗರು ಅದೇ ದಿನ ವಿಜಯಲಕ್ಷ್ಮಿಯವರಿಗೆ ತಾವೇ ಹೇಳಿದ್ದರು. ದಾನೇಶ್ವರಿಗೆ ಅದು ತಿಳಿದದ್ದು ತಿಂಗಳು ಕಳೆದ ಮೇಲೆ, ವೈದ್ಯೆಯ ಬಾಯಿಂದ.