ಫರಸಿ ಖಂಡೆಪ್ಪನ ‘ಹೌದ್ರಿ’

ಶಹಾಬಾದಿನಲ್ಲಿ ಫರಸಿಕಲ್ಲು ಹಾಸುವ ಖಂಡೆಪ್ಪನ ಬಾಯಿಂದ ‘ಇಲ್ಲ’ ಎಂಬ ಮಾತು ಕೇಳಿದವರಿಲ್ಲ. ಹೆಂಡತಿ ಮಾಳಮ್ಮ ದಿನಕ್ಕೆ ಹತ್ತು ಸಲ ಕೇಳುತ್ತಾಳೆ, ಅದು ಬೇರೆ. ಹೊರಗಿನವರಿಗೆ, ಅದರಲ್ಲೂ ಕೈಯಲ್ಲಿ ನಕಾಶೆ ಹಿಡಿದವರಿಗೆ, ಅವನದು ಒಂದೇ ಉತ್ತರ: “ಹೌದ್ರಿ, ಸರಿ ಅದರಿ.” ಹರೆಯದಲ್ಲಿ ಒಮ್ಮೆ ಇಂಜಿನಿಯರೊಬ್ಬರಿಗೆ ನೀರಿನ ಇಳಿಜಾರು ತಪ್ಪಾಗಿದೆ ಎಂದು ಹೇಳಲು ಹೋಗಿ ಕೆಲಸ ಕಳೆದುಕೊಂಡಿದ್ದ. ಆಮೇಲೆ ಮೂವತ್ತು ವರ್ಷ ಸೇಡಂ, ವಾಡಿ, ಚಿತ್ತಾಪುರ ಎಂದು ತಿರುಗಿ ಕಂಡವರ ಮನೆಗೆಲ್ಲ ನೆಲ ಹಾಸಿದ. ಮೊಣಕಾಲು ಸವೆದವು. ಮಾತೂ ಸವೆಯಿತು.

ಸ್ಟೇಷನ್ನಿಗೂ ಬಜಾರಿಗೂ ನಡುವೆ ಇದ್ದ ಹಳೆಯ ಕಲ್ಲುಖಣಿಯ ಬಯಲಿನಲ್ಲಿ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ ಬರುತ್ತದೆ ಎಂದಾಗ ಖಂಡೆಪ್ಪನ ಓಣಿಯವರಿಗೆಲ್ಲ ಒಂದೇ ಚಿಂತೆ: ನಮ್ಮ ಕಾಲುದಾರಿ ಉಳಿಯುತ್ತದೋ ಇಲ್ಲವೋ? ಮಾಳಮ್ಮ ಕಾಯಿಪಲ್ಲೆ ಬುಟ್ಟಿ ಹೊತ್ತು ದಿನಾ ಅಲ್ಲಿಂದಲೇ ಬಜಾರಿಗೆ ಹೋಗುವವಳು. ಸುತ್ತು ಹಾಕಿದರೆ ಅರ್ಧ ತಾಸು ಹೆಚ್ಚು ನಡಿಗೆ, ತಲೆಯ ಮೇಲೆ ಭಾರ ಬೇರೆ.

ಆದರೆ ಕ್ಯಾಂಪಸ್ಸಿನ ನಕಾಶೆ ಬರೆದ ಭಾಗ್ಯಜ್ಯೋತಿ ಸುತ್ತುಗೋಡೆಯನ್ನೇ ತೋರಿಸಿರಲಿಲ್ಲ. ಚಿಂಚೋಳಿ ಕಡೆಯ ಹೆಣ್ಣುಮಗಳು, ಗಟ್ಟಿ ಹಟದವಳು. ಊರ ದಾರಿ ಕ್ಯಾಂಪಸ್ಸಿನ ನಡುವೆಯೇ ಹಾಯಬೇಕು, ಬಜಾರಿಗೆ ಹೊರಟವರೂ ಗ್ರಂಥಾಲಯದ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳಬೇಕು ಎಂದು ವಾದ ಮಾಡಿ ಮೇಲಿನ ಸಾಹೇಬರನ್ನು ಒಪ್ಪಿಸಿದ್ದಳು.

ಫರಸಿ ಕೆಲಸ ಶುರುವಾದ ದಿನ ಆಕೆ ಖಂಡೆಪ್ಪನ ಎದುರು ನಕಾಶೆ ಬಿಚ್ಚಿ ಕೂತಳು.

“ಕಾಕಾ, ನೀವು ಇದೇ ಖಣ್ಯಾಗ ದುಡಿದವರಂತ. ದಾರಿ ಹಿಂಗ ಸೀದಾ ಹಾಕೀನಿ. ಆದ್ರ ಮಂದಿ ಬೇವಿನ ಗಿಡ ಬಳಸಿ ಸೊಟ್ಟ ಹೋಗ್ಲಿಕತ್ತಾರ. ಏನರ ಕಾರಣ ಅದ ಏನು?”

ಕಾರಣ ಇತ್ತು. ಸೀದಾ ಗೆರೆಯ ಕೆಳಗೆ ಖಣಿಯ ಹಳೆಯ ಗುಂಡಿಯಿತ್ತು. ಹರೆಯದಲ್ಲಿ ಅದಕ್ಕೆ ಎರೆಮಣ್ಣು ತುಂಬಿ ಮುಚ್ಚಿದವರಲ್ಲಿ ಖಂಡೆಪ್ಪನೂ ಒಬ್ಬ. ಜೋರು ಮಳೆಗೆ ಆ ನೆಲ ಕುಸಿಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಬಾಯಿ ತೆರೆದ. ಆದರೆ ಮೂವತ್ತು ವರ್ಷದ ಚಾಳಿ ಎಲ್ಲಿ ಬಿಡುತ್ತದೆ?

“ಸುಮ್ಮ ರೂಢಿರಿ ಮೇಡಮ್ಮೋರೆ. ನೀವು ಹಾಕಿದ್ದೇ ಸರಿ ಅದರಿ.”

ದಾರಿ ಚೆಂದವಾಗಿ ಆಯಿತು. ನಾಲ್ಕು ತಿಂಗಳು ಊರೆಲ್ಲ ಅದರ ಮೇಲೆ ನಡೆಯಿತು. ಮಾಳಮ್ಮನೂ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಓದುವ ಹುಡುಗಿಯರ ಜೊತೆ ಹರಟೆ ಹೊಡೆದು ಮುಂದೆ ಹೋಗುತ್ತಿದ್ದಳು. ಆಮೇಲೆ ಮಳೆ ಹಿಡಿಯಿತು. ಎಂಟು ದಿನಕ್ಕೆ ಕಲ್ಲುಗಳು ಕುಸಿದವು. ಸ್ಟೇಷನ್ನಿಗೆ ಚಹಾ ಒಯ್ಯುವ ಅಬ್ದುಲ್ ಗನಿ ಅಲ್ಲಿ ಬಿದ್ದು ಕಾಲು ಮುರಿದುಕೊಂಡ. ಊರ ಮಂದಿಯನ್ನು ಒಳಗೆ ಬಿಟ್ಟರೆ ಹೀಗೇ ಆಗುವುದು ಎಂದು ಮೇಲಿನವರು ಮರುವಾರವೇ ಸುತ್ತ ಗೋಡೆ ಕಟ್ಟಲು ಸಹಿ ಹಾಕಿದರು.

ಖಂಡೆಪ್ಪನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಭಾಗ್ಯಜ್ಯೋತಿಯನ್ನು ಹುಡುಕಿಕೊಂಡು ಹೋದ. “ತಪ್ಪು ನಂದರಿ. ಅಲ್ಲಿ ಗುಂಡಿ ಇತ್ತರಿ. ನನಗ ಗೊತ್ತಿತ್ತರಿ.”

ಆಕೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. “ಅವತ್ತೇ ಹೇಳಿದ್ರ ಒಂದು ಗೆರಿ ಅಳಿಸಿ ಇನ್ನೊಂದು ಎಳೀತಿದ್ದೆ, ಕಾಕಾ,” ಎಂದಳು. ಆಕೆ ಮತ್ತೆ ಮೇಲಿನವರ ಹತ್ತಿರ ಹೋಗಿ ವಾದಿಸಿದ್ದೂ ನಿಜ, ಅವರು ಕೇಳದೇ ಹೋದದ್ದೂ ನಿಜ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗೋಡೆಯ ಕೆಲಸವೂ ಖಂಡೆಪ್ಪನಿಗೇ ಬಂತು. ತಾನು ಬಿಟ್ಟರೆ ಇನ್ನೊಬ್ಬ ಕಟ್ಟುತ್ತಾನೆ ಎಂದು ಒಪ್ಪಿಕೊಂಡ. ಗೋಡೆ ಎದೆಮಟ್ಟ ಬಂದ ದಿನ ಮಾಳಮ್ಮ ಬುಟ್ಟಿ ಹೊತ್ತು ಆಚೆ ಬಂದು ನಿಂತಳು. ಅವನು ಕೈಯಲ್ಲಿನ ಕಲ್ಲು ಕೆಳಗಿಟ್ಟು, ಇಷ್ಟು ದಿನ ಅವಳಿಗೂ ಹೇಳದೆ ಮುಚ್ಚಿಟ್ಟಿದ್ದ ಗುಂಡಿಯ ಸಂಗತಿಯನ್ನು ಹೇಳಿದ.

ಮಾಳಮ್ಮ ಒಂದು ಕೈಯಿಂದ ಬುಟ್ಟಿ ಹಿಡಿದು, ಇನ್ನೊಂದನ್ನು ಗೋಡೆಯ ಮೇಲೆ ಊರಿದಳು.

“ಆ ಮೇಡಮ್ಮೋರಿಗೆ ಹೇಳಾಕ ಅಂಜಿಕಿ ಆಗಿತ್ತು, ಇರಲಿ. ನನಗರ ಹೇಳಬೇಕಿತ್ತಿಲ್ಲೇನ್ರಿ? ನಾ ಹೋಗಿ ಹೇಳತಿದ್ನಲ್ಲ.”

ಅಷ್ಟಂದು ಬುಟ್ಟಿ ಸರಿಮಾಡಿಕೊಂಡು, ಗೋಡೆಯ ಗುಂಟ ದೂರದ ದಾರಿ ಹಿಡಿದಳು.